ತಾಳಿಸರದ ಪಿನ್ನು

“ನಾಕ ಮಂದಿ ಮುಂದ ಬಾಯಿ ತೆರದು ಹಲ್ಲ ಚುಚ್ಚಿಕೋತಿ! ನಾಚಿಕಿ ಬರಂಗಿಲ್ಲೇನ?” ಫಕೀರಪ್ಪ ಕೂಗಿದ.

“ಹಲ್ಲ ನಂದು, ಪಿನ್ನ ನಂದು. ನಿಮ್ಮ ಗಂಟೇನ ಹೋತು?” ಎಂದಳು ಹೆಂಡತಿ ಹಂಪವ್ವ.

ಆ ಪಿನ್ನು ನಾನೇ. ಕಾರ್ಖಾನೆಯಲ್ಲಿ ತಂತಿ ಬಗ್ಗಿಸಿ ನನ್ನನ್ನು ಮಾಡಿದರು. ಬಳೆಗಾರನ ಗಂಟಿನಲ್ಲಿ ಊರೂರು ತಿರುಗಿದೆ. ಸೀರೆ ಸೆರಗಿಗೆಂದು ಕೊಂಡ ಹಂಪವ್ವ ನನ್ನನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡಳು. ಸೆರಗು ಹಿಡಿದದ್ದು ಕಡಿಮೆ. ಎಲೆ ಅಡಕೆ ಜಗಿದಾಗಲೆಲ್ಲ ಹುಳುಕು ದವಡೆಹಲ್ಲಿನ ಸಂದಿಗೆ ಹೋಗುವುದೇ ನನ್ನ ಕೆಲಸವಾಯಿತು.

ಹಂಪವ್ವನ ಎದೆಯೊಳಗೂ ಲೋಹವಿತ್ತು. ಹೃದಯದ ಕೆಟ್ಟ ಕವಾಟ ತೆಗೆದು ಲೋಹದ್ದನ್ನು ಕೂಡಿಸಿದ್ದರು. “ಹಲ್ಲು ಕೀಳಿಸೋ ಮೊದಲು ನಮ್ಮನ್ನ ಕೇಳ್ರಿ, ಗುಳಿಗಿ ಕೊಡ್ತೀವಿ. ಬಾಯಿ ಸ್ವಚ್ಛ ಇಟಗೋರಿ. ಬಾಯಾಗಿನ ಕ್ರಿಮಿ ರಕ್ತಕ್ಕ ಇಳದರ ಈ ಕವಾಟಕ್ಕ ಅಂಟಿ ಕೂಡ್ತಾವು” ಎಂದಿದ್ದರು ಡಾಕ್ಟರು.

ಹಂಪವ್ವ ಏನು ತಿಳಿದುಕೊಂಡಳು? ಹಲ್ಲಿನ ಡಾಕ್ಟರ ಹತ್ತಿರ ಹೋಗಲೇಬಾರದು ಎಂದು! ಸೋಮವಾರದ ಉಪವಾಸ ತಪ್ಪಿದರೂ ಈ ವ್ರತ ತಪ್ಪಲಿಲ್ಲ. ಹಲ್ಲು ಕೊಳೆಯಿತು, ವಸಡು ಬಾತಿತು. ಅಂಥ ಬಾಯಿಯಲ್ಲಿ ಉಂಡರೂ, ಹಲ್ಲುಜ್ಜಿದರೂ ಕ್ರಿಮಿ ರಕ್ತ ಸೇರುತ್ತವೆ. ಅವಳು ನನ್ನಿಂದ ಚುಚ್ಚುತ್ತಿದ್ದಳು. ನೆತ್ತರು ಬಂದರೆ ಉಗುಳಿ, ನನ್ನನ್ನು ಸೆರಗಿಗೆ ಒರೆಸಿ ಮತ್ತೆ ಸರಕ್ಕೆ ಹಾಕುತ್ತಿದ್ದಳು. ಗಂಡ ಬೈದದ್ದೂ ಮಾನಕ್ಕಾಗಿ. ಜೀವಕ್ಕಾಗಿ ಯಾರೂ ಬೈಯಲಿಲ್ಲ.

ಜ್ವರ ಬಂತು. ಓಣಿಯ ಡಾಕ್ಟರ ಇಂಜೆಕ್ಷನ್ನಿಗೆ ಇಳಿಯಿತು, ಮತ್ತೆ ಏರಿತು. ಬಳಲಿ ಬಳಲಿ ಕಡೆಗೆ ದೊಡ್ಡಾಸ್ಪತ್ರೆ ಸೇರಿದಳು. ರಕ್ತ ನೋಡಿದ ಡಾಕ್ಟರು ಕೇಳಿದರು: “ಬಾಯಾಗಿನ ಕ್ರಿಮಿ ಅದಾವು ಇವು. ಹಲ್ಲೇನರ ಕೀಳಿಸೀರೇನು ತಾಯಿ?”

“ಇಲ್ಲರಿ ಸಾಹೇಬ್ರ! ಹಲ್ಲಿನ ಡಾಕ್ಟರ ಮಾರೀನೂ ನೋಡಿಲ್ಲ” ಎಂದಳು ಜಂಬದಿಂದ. ಫಕೀರಪ್ಪನೂ ದೇವರಾಣೆ ಹಾಕಿದ.

ನಾನು ಅಲ್ಲೇ, ಅವಳ ಗದ್ದದ ಕೆಳಗೆ ತೂಗುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನನಗೆ ಬಾಯಿಲ್ಲ.

ಕವಾಟದ ಸುತ್ತ ಕೀವಾಗಿತ್ತು. ಎದೆ ಮತ್ತೆ ತೆರೆಯಬೇಕು, ಉಳಿಯುವ ಭರವಸೆ ಇಲ್ಲ ಎಂದರು. ಈಗ ನಾನು ಫಕೀರಪ್ಪನ ಟ್ರಂಕಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಡಾಕ್ಟರ ಮಾತಿನಲ್ಲಿ ಅರ್ಧವನ್ನೇ ಕೇಳುವ ಮಂದಿಗೆ ಯಾವ ಗುಳಿಗೆಯೂ ನಾಟುವುದಿಲ್ಲ. ಇಷ್ಟು ದಿನ ಬಿದ್ದು ನಾನು ಕಂಡುಕೊಂಡದ್ದು ಇದೊಂದೇ.

ಆಪರೇಶನ್ನಿನ ದಿನ ನರ್ಸ್ ಹೇಳಿದಂತೆ ಹಂಪವ್ವ ಸರ ಬಿಚ್ಚಿ ಗಂಡನ ಕೈಗಿಟ್ಟಳು. “ಜ್ವಾಕಿ ಇಟಗೋರಿ, ಬಂದು ಹಾಕ್ಕೋತೀನಿ.” ಸ್ಟ್ರೆಚರ್ ತಂದವರ ಮೇಲೆ ಹರಿಹಾಯ್ದಳು: “ಹೊತ್ತುಕೊಂಡ ಹೋಗಾಕ ನಾ ಹೆಣಾ ಆಗೇನೇನ? ಸರೀರಿ!”

ಗೋಡೆ ಹಿಡಿದು ನಡೆದೇ ಹೋದಳು. ಫಕೀರಪ್ಪ ಮುಷ್ಟಿ ಬಿಗಿದು ನಿಂತ. ನನ್ನ ಕೊಂಡಿ ಬಿಚ್ಚಿಕೊಂಡು ಮೊನೆ ಅವನ ಅಂಗೈಗೆ ಇಳಿಯಿತು. ಅವನಿಗೆ ತಿಳಿಯಲೇ ಇಲ್ಲ. ಬಾಗಿಲು ದಾಟಿದವಳು ತಿರುಗಿ ಬರಲಿಲ್ಲ.