ಚೈನು ಸಡಿಲ ಬಿಡುವ ಹೊತ್ತು

ಚಿಂಚೋಳಿ ಕಡೆಯ ಡ್ಯಾಮಿನ ನಡುನೀರಿನಲ್ಲಿ ದೋಣಿಯ ಇಂಜಿನ್ ಕೆಮ್ಮಿ ನಿಂತಾಗ ಭೀಮಶ್ಯಾ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದ. ಗಾಳಿ ದೋಣಿಯನ್ನು ಕಟ್ಟೆಯ ಚೂಪು ಬಂಡೆಗಳ ಕಡೆಗೆ ದಬ್ಬುತ್ತಿತ್ತು. ಶಹಾಬಾದಿನ ಕಲ್ಲುಖಣಿ ಬಿಟ್ಟು ಅವನು ಇಲ್ಲಿ ಕೈಯಾಳಾಗಿ ಸೇರಿದ್ದು ಮೊನ್ನೆ ಮೊನ್ನೆ. ಗಂಡನ ಹೊಸ ಕೆಲಸ ನೋಡುತ್ತೇನೆಂದು ಬಂದ ದ್ರೌಪದಿ, ಈಜು ಬಾರದವಳು, ದೊಗಳೆ ಲೈಫ್ ಜಾಕೆಟ್ಟಿನೊಳಗೆ ಮುದುಡಿ ಕೂತಿದ್ದಳು.

ದೋಣಿ ನಡೆಸುವ ಬಂದೇಅಲಿ ಲಂಗರು ಇಳಿಸಿದ. ಅದು ತಳ ಕಚ್ಚಿತು. ಆದರೆ ಅಲೆ ಎದ್ದಾಗಲೆಲ್ಲ ಲಂಗರಿನ ಚೈನು ರಪ್ಪನೆ ಜಗ್ಗಿ, ದೋಣಿಯ ಮುಂತುದಿಯ ಗೂಟವನ್ನು ಬುಡಸಮೇತ ಅಲುಗಿಸುತ್ತಿತ್ತು. ಚೈನಿಗೆ ಸಿಕ್ಕಿ ಬಂದೇಅಲಿಯ ಬೆರಳುಗಳು ಜಜ್ಜಿಹೋದವು.

"ಭೀಮಣ್ಣ, ಲಗಾಮ್ ಹಾಕ್ರಿ! ಗೂಟ ಕಿತ್ತ್ ಬರ್ತದ!"

ಲಗಾಮು ಎಂದರೆ ದಪ್ಪ ನೈಲಾನ್ ಹಗ್ಗ. ಅದರ ನಡುವನ್ನು ಚೈನಿಗೆ ಬಿಗಿದು, ತುದಿಗಳನ್ನು ದೋಣಿಯ ಎಡಬಲದ ಕಂಬಗಳಿಗೆ ಕಟ್ಟಬೇಕು. ಕಬ್ಬಿಣ ಹಿಗ್ಗುವುದಿಲ್ಲ, ಹಗ್ಗ ಹಿಗ್ಗಿ ಅಲೆಯ ಹೊಡೆತ ನುಂಗುತ್ತದೆ.

ಭೀಮಶ್ಯಾ ಬೋರಲು ಮಲಗಿ, ಒಂದು ಅಲೆ ಇಳಿದು ಇನ್ನೊಂದು ಏಳುವುದರೊಳಗೆ ಚೈನಿಗೆ ಗಂಟು ಬಿಗಿದ. ತುದಿಗಳನ್ನೂ ಕಟ್ಟಿದ. ಗೂಟ ಅಲುಗುತ್ತಲೇ ಇತ್ತು. ಹಗ್ಗ ಜೋತು ಬಿದ್ದಿತ್ತು.

"ಈಗ ಚೈನ್ ಸಡಿಲ ಬಿಡ್ರಿ. ಭಾರ ಹಗ್ಗದ ಮ್ಯಾಲ ಬೀಳ್ಲಿ," ಎಂದ ಬಂದೇಅಲಿ.

ಅವನ ಕೈ ಮುಂದೆ ಹೋಗಲಿಲ್ಲ. ಎತ್ತಿದ ಫರ್ಸಿಕಲ್ಲು ನೆಲ ಮುಟ್ಟುವ ತನಕ ಚೈನು ಬಿಡಬೇಡ ಎಂಬುದು ಖಣಿಯ ಮೊದಲ ಪಾಠ. ಬಿಟ್ಟವರ ಕಾಲುಗಳ ಗತಿ ಅವನು ಕಂಡಿದ್ದ. ಇಲ್ಲಿ ನೆಲವೆಲ್ಲಿ?

"ಗಂಟ್ ಸರಿ ಬಿದ್ದದೋ ಇಲ್ಲೋ..." ಎಂದ.

"ಬಾಗಲಾ ಹಾಕೀನೋ ಇಲ್ಲೋ ಅಂತ ಅರ್ಧ ದಾರೀಲಿಂದ ಹೊಳ್ಳಿ ಬರೋ ಮನಷ್ಯಾರು ನೀವು," ದ್ರೌಪದಿ ಕೂಗಿದಳು. "ನೀರಾಗ ಎಲ್ಲಿಗಿ ಹೊಳ್ಳಿ ಬರ್ತೀರಿ? ಬಿಡ್ರೀ!"

ಗೂಟದ ಬುಡದ ಬೋಲ್ಟೊಂದು ಸಿಡಿದು ನೀರಿಗೆ ಬಿತ್ತು.

ಅಲೆ ಇಳಿದ ಕ್ಷಣ ಅವನು ಗೂಟಕ್ಕೆ ಸುತ್ತಿದ್ದ ಚೈನನ್ನು ಬಿಚ್ಚಿದ. ಚೈನು ಗಡಗಡನೆ ಓಡಿತು. ದೋಣಿ ಬಂಡೆಗಳತ್ತ ಹಿಂದಕ್ಕೆ ಜಾರಿತು. ಭೀಮಶ್ಯಾ ಕಣ್ಣು ಮುಚ್ಚಿದ. ಹಗ್ಗ ಕಿರ್ರೆಂದು ಬಿಗಿಯಿತು, ಎಳೆಗಳಿಂದ ನೀರು ಚಿಮ್ಮಿತು; ದೋಣಿ ನಿಂತಿತು. ಮುಂದಿನ ಅಲೆಗೆ ಅದು ತಲೆಯೆತ್ತಿ ಮೆಲ್ಲಗೆ ಇಳಿಯಿತು. ಜಗ್ಗಲಿಲ್ಲ. ಜೋತ ಚೈನನ್ನು ಅವನು ಮತ್ತೆ ಗೂಟಕ್ಕೆ ಸುತ್ತಿಟ್ಟ.

"ಮುಗೀತು, ಕುಂದ್ರಿ," ಎಂದ ಬಂದೇಅಲಿ. ದಡದಿಂದ ಇನ್ನೊಂದು ದೋಣಿ ಹೊರಟಿತ್ತು.

ಭೀಮಶ್ಯಾ ಕೂರಲಿಲ್ಲ. ಹಗ್ಗದ ಮೇಲೆ ಬೆರಳಿಟ್ಟು ಗಂಟನ್ನೇ ನೋಡುತ್ತಿದ್ದ. ದ್ರೌಪದಿ ತೆವಳಿಕೊಂಡು ಬಂದು ಅವನ ಕೈ ಮೇಲೆ ಕೈಯಿಟ್ಟಳು.

"ಹಗ್ಗ ನಡಗ್ಲಿಕತ್ತದಲ್ರೀ!"

"ಹಗ್ಗಲ್ಲ," ಅಂದ ಅವನು, ಗಂಟಿನಿಂದ ಕಣ್ಣು ತೆಗೆಯದೆ. "ನನ್ನ ಕೈ."