ಒಂದು ಸುತ್ತು ಹೆಚ್ಚು

ಅವಳು ಸೆಲ್ಫ್ ಗುಂಡಿ ಒತ್ತಿದರೆ ಬೈಕು ‘ಟಿಕ್’ ಎಂದು ಸುಮ್ಮನಾಯಿತು. ಮತ್ತೆ ಒತ್ತಿದರೆ ಅದೂ ಇಲ್ಲ. ಹಾರ್ನು ನೆಗಡಿ ಬಂದ ಕುರಿಯ ಹಾಗೆ ಒಮ್ಮೆ ನರಳಿತು, ಅಷ್ಟೆ.

“ಇವತ್ತೂ ಮುಷ್ಕರಾನಾ?” ಎನ್ನುತ್ತ ಗಂಡ ಹಲ್ಲುಜ್ಜಿಕೊಂಡೇ ಹೊರಗೆ ಬಂದ. “ಈ ಬೈಕು ಮಾರಿ ಕೈ ತೊಳ್ಕೊ ಅಂದ್ರೆ ಕೇಳಲ್ಲ ನೀನು.”

“ಉಪದೇಶ ಆಮೇಲೆ. ಮೊದಲು ತಳ್ಳು.”

ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟುವ ನರ್ಸು ಅವಳು. ಬೈಕಿಗೆ ಕಿಕ್ಕರ್ ಇಲ್ಲದ್ದರಿಂದ ಬ್ಯಾಟರಿ ಕೈಕೊಟ್ಟಾಗಲೆಲ್ಲ ಇಳಿಜಾರೇ ಗತಿ. ಗೇಟು ತೆರೆದು ನಿಂತಿದ್ದ ಅಪ್ಪ, “ನಾನೂ ಒಂದು ಕೈ ಹಾಕ್ಲಾ?” ಎಂದ.

“ಬೇಡ ಮಾವ. ಆಮೇಲೆ ನಿಮ್ಮನ್ನೂ ತಳ್ಕೊಂಡು ಬರಬೇಕಾಗುತ್ತೆ,” ಎಂದ ಅಳಿಯ, ಬಾಯ್ತುಂಬ ನೊರೆಯಲ್ಲಿ.

ಅಪ್ಪ ನಕ್ಕ. ಆದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಜೀವಮಾನವೆಲ್ಲ ಗೋದಾಮು ಕಾದವನು ಅವನು. ಮಗಳ ಮನೆಗೆ ಬಂದು ಕೆಲವು ತಿಂಗಳಾಗಿತ್ತು. ಕೂತು ಉಣ್ಣುವುದು ಅವನ ಜಾಯಮಾನವಲ್ಲ. ಹಾಲು ಕಾಯಲು ಕೂತ. ಪೇಪರಿನಲ್ಲಿ ಮುಳುಗಿ ಪಾತ್ರೆ ಸೀಯಿಸಿದ. ಬಟ್ಟೆ ಒಗೆದ, ಕೆಂಪು ಟವೆಲಿನ ಜೊತೆ ನೆನೆಸಿ ಅಳಿಯನ ಬಿಳಿ ಅಂಗಿಗಳನ್ನೆಲ್ಲ ಗುಲಾಬಿ ಮಾಡಿದ. ಯಾರೂ ಬೈಯಲಿಲ್ಲ. “ನೀವು ಆರಾಮಾಗಿರಿ” ಎಂದು ಒಂದೊಂದೇ ಕೆಲಸವನ್ನು ಅವನ ಕೈಯಿಂದ ತೆಗೆದುಕೊಂಡರು. ಕಡೆಗೆ ಉಳಿದದ್ದು ಸಂಜೆಯ ಬೀಗಗಳು: ಗೇಟು, ಹಿತ್ತಿಲ ಬಾಗಿಲು, ಬೈಕು. ಒಂದೊಂದನ್ನೂ ಹಾಕಿ, ಜಗ್ಗಿ ನೋಡಿ, ಬೈಕಿಗೆ ದಪ್ಪ ಹೊದಿಕೆ ಹೊದಿಸಿ ಒಳಗೆ ಬಂದಾಗ ಅವನ ಎದೆ ಒಂದು ಗೇಣು ಉಬ್ಬಿರುತ್ತಿತ್ತು.

ತಳ್ಳಿ ಹೊರಡಿಸಿದ ಬೈಕನ್ನು ಅವಳು ನೇರ ಗ್ಯಾರೇಜಿಗೆ ಒಯ್ದಳು. ಮೆಕ್ಯಾನಿಕ್ ಸೀಟು ಬಿಚ್ಚಿ ಬ್ಯಾಟರಿಗೆ ಮೀಟರಿನ ತಂತಿಗಳನ್ನು ಹಚ್ಚಿದ. ಟರ್ಮಿನಲ್ ಉಜ್ಜಿ ಬಿಗಿ ಮಾಡಿದ. ಎಂಜಿನ್ ಓಡಿಸಿ ನೋಡಿದ, ಚಾರ್ಜು ಏರುತ್ತಿತ್ತು. ಕೀ ಆಫ್ ಮಾಡಿ ನೋಡಿದ. ಎಲ್ಲೂ ಕರೆಂಟು ಸೋರಿಕೆ ಇಲ್ಲ.

“ಬ್ಯಾಟರಿ ಹೊಸದು, ವೈರಿಂಗ್ ಗಟ್ಟಿಯಾಗಿದೆ. ಚಾರ್ಜಿಗೆ ಹಾಕಿರ್ತೀನಿ, ಇವತ್ತು ಇಲ್ಲೇ ಬಿಟ್ಟುಹೋಗಿ ಸಿಸ್ಟರ್. ನಾಳೆವರೆಗೂ ತಡೆಯುತ್ತಾ ನೋಡೋಣ.”

ಸಂಜೆಗೆ ಚಾರ್ಜರ್ ಕಳಚಿ ಬೈಕನ್ನು ಶೆಡ್ಡಿನಲ್ಲೇ ಇಟ್ಟಿದ್ದ. ಮಾರನೆಯ ಬೆಳಿಗ್ಗೆ ಅವಳು ಬೆರಳಿಟ್ಟದ್ದೇ ತಡ, ಬೈಕು ಗುರ್ ಎಂದಿತು.

“ನೋಡಿದ್ರಾ? ನಮ್ಮ ಶೆಡ್ಡಲ್ಲಿ ಗಡದ್ದಾಗಿ ನಿದ್ದೆ ಮಾಡುತ್ತೆ. ನಿಮ್ಮನೇಲೇ ಅದಕ್ಕೆ ಜಾಗರಣೆ. ರಾತ್ರಿ ಲಾಕ್ ಮಾಡೋರು ಯಾರು?”

“ನಮ್ಮಪ್ಪ.”

“ಹೇಗೆ ಮಾಡ್ತಾರೆ?”

“ಎಲ್ಲರ ಹಾಗೇ. ಹ್ಯಾಂಡಲ್ ತಿರುಗಿಸಿ, ಕೀ ಒತ್ತಿ...” ಅಪ್ಪನ ಮಣಿಕಟ್ಟು ಅವಳ ಕಣ್ಣ ಮುಂದೆ ಬಂತು. ಗೋದಾಮಿನ ಬೀಗ ತಿರುವಿ ಪಳಗಿದ ಕೈ. “...ಭದ್ರವಾಗಿರ್ಲಿ ಅಂತ ಕೊನೇಗೆ ಹೀಗೆ, ಇನ್ನೊಂದು ಸುತ್ತು.”

ಅಪ್ಪನ ಹಾಗೆಯೇ ಅವಳೂ ತಿರುಗಿಸಿದಳು. ಲಾಕಿನಾಚೆಗೆ ಕೀ ಒಂದು ಟಿಕ್ ಜರುಗಿತು. ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತು.

“ಸಿಕ್ಕಿಬಿದ್ದ ಕಳ್ಳ!” ಎಂದ ಮೆಕ್ಯಾನಿಕ್. “ಕತ್ತಲಲ್ಲಿ ರಸ್ತೆ ಬದಿ ನಿಲ್ಲಿಸೋರಿಗೆ ಅಂತ ಕೊಟ್ಟಿರೋ ದೀಪ ಇದು. ಕೀ ತೆಗೆದ್ರೂ ಉರೀತಿರುತ್ತೆ. ನಿಮಗೆ ಕಾಣ್ಲಿಲ್ವಾ?”

ಕಾಣುವುದೆಲ್ಲಿಂದ? ಮುಂದಿನ ಪುಟ್ಟ ಬಲ್ಬು ಸುಟ್ಟು ಯಾವ ಕಾಲವಾಯಿತೋ. ಬೈಕಿನ ಹಿಂಭಾಗ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿತ್ತು, ಮೇಲೆ ಹೊದಿಕೆ ಬೇರೆ. ಬೆಳಗಾಗುವಷ್ಟರಲ್ಲಿ ಬ್ಯಾಟರಿಯೂ ದೀಪವೂ ಒಟ್ಟಿಗೆ ಆರಿರುತ್ತಿದ್ದವು.

“ಇಷ್ಟೇ ವಿಷಯ. ಅಪ್ಪಂಗೆ ಒಂದು ಮಾತು ಹೇಳ್ಬಿಡಿ,” ಎಂದ ಅವನು.

ಇಷ್ಟೇ ವಿಷಯ! ದಾರಿಯುದ್ದಕ್ಕೂ ಆ ಒಂದು ಮಾತನ್ನು ಅವಳು ನಾಲಿಗೆಯ ಮೇಲೆ ಹೊರಳಾಡಿಸಿದಳು. ಹೇಗೆ ಹೇಳಿದರೂ ಅದು ಹಾಲಿನ ಪಾತ್ರೆಯ ಸಾಲಿಗೇ ಸೇರುತ್ತಿತ್ತು. ಬೀಗವೂ ಕೈತಪ್ಪಿದರೆ ಅಪ್ಪ ಈ ಮನೆಯಲ್ಲಿ ಬರೀ ನೆಂಟನಾಗಿಬಿಡುತ್ತಾನೆ.

ಸಂಜೆ ಮನೆಗೆ ಬಂದವಳು ಬೈಕನ್ನು ಎಂದಿನಂತೆ ತಿರುಗಿಸದೆ ನೇರ ಒಳಗೆ ತಂದು, ಮೂತಿ ಗೋಡೆಗೆ, ಬಾಲ ಜಗಲಿಗೆ ಬರುವಂತೆ ನಿಲ್ಲಿಸಿದಳು.

“ಇದೇನು, ಉಲ್ಟಾ ನಿಲ್ಸಿದೀಯ?” ಎಂದ ಅಪ್ಪ.

“ತಿರುಗಿಸೋಕೆ ಸೋಮಾರಿತನ ಅಪ್ಪಾ. ಬೀಗ ಹಾಕ್ಬಿಡ್ತೀಯಾ?”

ಅಡುಗೆಮನೆಗೆ ಹೋಗಿ ತೊಳೆದ ಲೋಟವನ್ನೇ ತೊಳೆಯುತ್ತ ಕಿಟಕಿಯಿಂದ ನೋಡಿದಳು. ಅಪ್ಪ ಹ್ಯಾಂಡಲ್ ತಿರುಗಿಸಿದ, ಕೀ ಒತ್ತಿದ, ಅಭ್ಯಾಸದಂತೆ ಇನ್ನೊಂದು ಸುತ್ತು ಹಾಕಿದ. ಹೊದಿಕೆ ತರಲು ಜಗಲಿಯ ಕಡೆ ಬಂದವನ ಪಾದದ ಮೇಲೆ ಕೆಂಪು ಬೆಳಕು ಬಿತ್ತು. ನಿಂತ. ಬಗ್ಗಿ ದೀಪ ನೋಡಿದ. ಕೀಯನ್ನು ಹಿಂದಕ್ಕೆ ತಿರುವಿದ, ದೀಪ ಆರಿತು. ಮುಂದಕ್ಕೆ ತಿರುವಿದ, ಹತ್ತಿತು. ಮತ್ತೆ ಆರಿಸಿದ. ಆಮೇಲೆ ನಿಧಾನವಾಗಿ ಕಿಟಕಿಯತ್ತ ತಲೆಯೆತ್ತಿದ. ಅವಳು ಥಟ್ಟನೆ ಸಿಂಕಿನೊಳಗೆ ಬಗ್ಗಿದಳು.

ಊಟದ ಹೊತ್ತಿಗೆ ಅಪ್ಪ ಬೈಕಿನ ಕೀಯನ್ನೇ ಬೆರಳಲ್ಲಿ ತಿರುವುತ್ತ ಕೂತಿದ್ದ. “ಮಾವಂಗೆ ಏನಾಯ್ತು?” ಎಂದು ಗಂಡ ಹುಬ್ಬಿನಲ್ಲೇ ಕೇಳಿದ. ಸುಮ್ಮನಿರು ಎಂದು ಅವಳೂ ಹುಬ್ಬಿನಲ್ಲೇ ಹೇಳಿದಳು.

ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಹೊರಬಂದಾಗ ಅಪ್ಪ ಆಗಲೇ ಹೊದಿಕೆ ಮಡಿಸಿಟ್ಟಿದ್ದ. ಗಂಡ ತಳ್ಳಲು ಅಂಗಿಯ ತೋಳು ಮಡಿಸಿ ಬಂದ.

“ನೀವು ಒಳಗೆ ಹೋಗಿ ಮುಖ ತೊಳೀರಿ ಅಳಿಯಂದ್ರೇ,” ಎಂದ ಅಪ್ಪ. “ಇವತ್ತು ತಳ್ಳೋ ಕೆಲಸ ಇಲ್ಲ.”

ಅವಳು ಗುಂಡಿ ಒತ್ತಿದಳು. ಬೈಕು ಒಂದೇ ಏಟಿಗೆ ಎದ್ದಿತು.

“ಅರೆ! ಅದು ಹೇಗೆ ಗೊತ್ತಾಯ್ತು ಮಾವ?”

“ಬೀಗ ಕಾದವನಿಗೆ ಅಷ್ಟೂ ಗೊತ್ತಾಗಲ್ವಾ?” ಎಂದು ಅಪ್ಪ ಗೇಟು ತೆರೆದ. ಅವಳು ಪಕ್ಕದಲ್ಲಿ ಹಾದುಹೋಗುವಾಗ ಹ್ಯಾಂಡಲಿನ ಮೇಲೆ ಕೈಯಿಟ್ಟು ತಡೆದ.

“ಸಂಜೆಗೂ ಉಲ್ಟಾನೇ ನಿಲ್ಸು ಪುಟ್ಟೀ. ಹಿಂದಿನ ದೀಪ ನನಗೆ ಕಾಣೋ ಹಾಗೆ.”