ರಬ್ಬಿ ಗೆದಾಲ್ಯರಿಗೆ ಸನ್ಮಾನ

ಉರುಗ್ವೆ ನದಿಯ ದಂಡೆಯ ಆ ಊರಿನ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಧರ್ಮಗುರು ರಬ್ಬಿ ಗೆದಾಲ್ಯ ಸ್ವೆರ್ದ್ಲಿಕ್ ನಲವತ್ತೊಂದು ವರ್ಷ ದುಡಿದರು. ಮದುವೆ ಮಾಡಿಸಿದರು, ಸತ್ತವರನ್ನು ತೊಳೆದು ಮಣ್ಣು ಮಾಡಿದರು, ಗಂಡ ಹೆಂಡಿರ ಜಗಳ ಬಿಡಿಸಿದರು, ಜೈಲಿನಲ್ಲಿದ್ದವರಿಗೆ ಊಟದ ಡಬ್ಬಿ ಹೊತ್ತರು. ಅಷ್ಟೂ ವರ್ಷ ಅವರ ಮನೆಯ ಸೋರುವ ಮಾಡನ್ನು ತಲೆಯೆತ್ತಿ ನೋಡಲೂ ಪುರಸೊತ್ತಿಲ್ಲದ ಆಡಳಿತ ಮಂಡಳಿ ಈಗ ಇದ್ದಕ್ಕಿದ್ದಂತೆ ಸನ್ಮಾನ ಮಾಡುತ್ತೇವೆಂದು ಹೊರಟಿತು. ಸುದ್ದಿ ಕೇಳಿ ಅವರ ಹೆಂಡತಿ ಪೆರ್ಲಾ ನಕ್ಕ ನಗು ಪಕ್ಕದ ಬೇಕರಿಯವರೆಗೂ ಕೇಳಿಸಿತು.

"ರೀ, ಸನ್ಮಾನ ಅಂದ್ರೆ ಏನು ಗೊತ್ತಾ? ಜಾಗ ಖಾಲಿ ಮಾಡಿ ಅನ್ನೋದನ್ನ ಬೆಳ್ಳಿ ತಟ್ಟೇಲಿಟ್ಟು ಕೊಡೋದು."

"ಕೊಡಲಿ ಬಿಡೇ. ತಟ್ಟೆ ಆದ್ರೂ ಸಿಗುತ್ತಲ್ಲ," ಅಂದರು ರಬ್ಬಿ. ಅವರ ಈ ಗುಣವೇ ಪೆರ್ಲಾಳಿಗೆ ಮೈ ಉರಿಸುತ್ತಿತ್ತು. ಯಾರ ಮೇಲೂ ಸಿಟ್ಟಿಲ್ಲ. ಅವರ ಪಾಲಿನ ಸಿಟ್ಟನ್ನೂ ಮದುವೆಯಾದಂದಿನಿಂದ ಅವಳೇ ಮಾಡಬೇಕಾಗಿತ್ತು.

ಮಂಡಳಿಯ ಅಧ್ಯಕ್ಷ ಬೆರ್ನಾರ್ದೊ ಗುರ್ವಿಚ್. ಊರಾಚೆಯ ಮರ ಕೊಯ್ಯುವ ಮಿಲ್ಲು ಅವನದು. ಐವತ್ತೊಂಬತ್ತನೇ ಇಸವಿಯ ಪ್ರವಾಹದ ಫೋಟೋ ಇದ್ದರೆ ಬೇಕು, ಸನ್ಮಾನದ ಊಟದ ದಿನ ಗೋಡೆಗೆ ಹಾಕೋಣ ಅಂತ ಅವನೇ ಮನೆಗೆ ಬಂದ. ಪೆರ್ಲಾ ಫೋಟೋ ತಂದು ಕೊಟ್ಟಳು. ಸಿನಗಾಗಿನ ಎತ್ತರದ ಅಂಗಳ. ಮಡಿಲಲ್ಲಿ ಗಂಟು ಹಿಡಿದ ಹೆಂಗಸರು, ಬರಿಮೈಯ ಮಕ್ಕಳು, ಮೊಣಕಾಲವರೆಗೆ ಪ್ಯಾಂಟು ಮಡಿಸಿದ ರಬ್ಬಿ. ಅವರ ಹಿಂದೆ ಕಿತ್ತಳೆ ಮರಕ್ಕೆ ಕಟ್ಟಿದ ಒಂದು ದಪ್ಪ ಹಂದಿ.

"ಅಮ್ಮಾ, ಈ ಹಂದಿ..." ಬೆರ್ನಾರ್ದೊ ಕನ್ನಡಕ ಒರೆಸಿಕೊಂಡ. "ಇದನ್ನ ಸ್ಟುಡಿಯೋದಲ್ಲಿ ತೆಗೆಸಿಬಿಡೋಣ. ಬ್ಯೂನಸ್ ಐರಿಸ್‌ನಿಂದ ದೊಡ್ಡವರೆಲ್ಲ ಬರ್ತಾರೆ."

"ತೆಗೆಸಪ್ಪ. ಹಂದಿ ಆದ್ರೂ ಅವತ್ತು ಅಂಗಳದಲ್ಲಿತ್ತು. ನೀನೆಲ್ಲಿದ್ದೆ?"

ಅವನು ಮಾಟೆ ಕಷಾಯವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅವನೆಲ್ಲಿದ್ದ ಅನ್ನುವುದು ಪೆರ್ಲಾಳಿಗೆ ಚೆನ್ನಾಗಿ ಗೊತ್ತಿತ್ತು. ಆಗ ಅವನು ಮಂಡಳಿಯ ಕಾರ್ಯದರ್ಶಿ, ಮೂವತ್ತರ ಹುಡುಗ. ನದಿ ಬೀದಿಗೆ ಬಂದ ದಿನ, ಕೆಳಕೇರಿಯ ಜನ ಒಳಗೆ ನುಗ್ಗಿಯಾರು ಅಂತ ಗೇಟಿಗೆ ಬೀಗ ಜಡಿದು ಬೀಗದ ಕೈ ಜೇಬಿಗೆ ಹಾಕಿಕೊಂಡು ಮಾವನ ತೋಟಕ್ಕೆ ಹೋಗಿಬಿಟ್ಟಿದ್ದ. ರಬ್ಬಿ ಸೊಂಟದುದ್ದ ನೀರಲ್ಲಿ ನಿಂತು ಹಾರೆಯಿಂದ ಬೀಗ ಮುರಿದರು. ಬಟ್ಟೆ ಒಗೆಯುವ ಯುಲೋಹಿಯಾ ನಾಲ್ಕು ಮಕ್ಕಳ ಜೊತೆ ಹಂದಿಯನ್ನೂ ಎಳೆದುಕೊಂಡು ಬಂದಳು. ಅವಳಿಗಿದ್ದ ಆಸ್ತಿ ಅದೊಂದೇ. ನೀರು ಇಳಿದ ಮೇಲೆ ಮಂಡಳಿ ರಬ್ಬಿಯನ್ನು ಕರೆದು ವಿಚಾರಣೆ ಮಾಡಿತು. ಸಿನಗಾಗಿನೊಳಗೆ ಹಂದಿಯೇ?

"ತಿನ್ನಬೇಡ ಅಂತ ಬರೆದಿದೆ," ಅಂದಿದ್ದರು ರಬ್ಬಿ. "ಮುಳುಗಿಸು ಅಂತ ಎಲ್ಲಿ ಬರೆದಿದೆ, ತೋರಿಸಿ."

ಯಾರೂ ತೋರಿಸಲಿಲ್ಲ. ಆರು ತಿಂಗಳ ಸಂಬಳ ಮಾತ್ರ ಹಿಡಿದರು. ಆ ಆರು ತಿಂಗಳು ಪೆರ್ಲಾ ಊರವರ ಬಟ್ಟೆ ಹೊಲಿದಳು.

ಸನ್ಮಾನದ ದಿನ ಸಭಾಂಗಣ ಭರ್ತಿಯಾಗಿತ್ತು. ಗೋಡೆಯ ಮೇಲೆ ಹಂದಿಯಿಲ್ಲದ ಫೋಟೋ. ಹಂದಿಯಿದ್ದ ಜಾಗದಲ್ಲಿ ಒಂದು ಬೂದು ಮೋಡ ಬಂದು ಕೂತಿತ್ತು, ಅದೂ ನೆಲದ ಮೇಲೆ. ಯುಲೋಹಿಯಾಳನ್ನು ಯಾರೂ ಕರೆದಿರಲಿಲ್ಲ. ಬೆರ್ನಾರ್ದೊ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಆ ದಿನ ಈ ಕೈಗಳಿಂದಲೇ ಗೇಟು ತೆರೆದೆ. ಬಂದವರ ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ನಮ್ಮ ಬಾಗಿಲು ಎಂದೂ ಯಾರಿಗೂ ಮುಚ್ಚಿಲ್ಲ, ಮುಚ್ಚುವುದೂ ಇಲ್ಲ!"

ಚಪ್ಪಾಳೆ ಬಿತ್ತು. ಎಂಥಾ ರೈಲು ಬಿಡುತ್ತಾನಪ್ಪ! ಪೆರ್ಲಾ ಮೀನಿನ ತುತ್ತನ್ನು ಕೆಳಗಿಟ್ಟಳು. ಅವಳು ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ರಬ್ಬಿ ನಿಧಾನವಾಗಿ ಎದ್ದರು. ಇವತ್ತಾದರೂ ಹೇಳುತ್ತಾರೆ ಅಂದುಕೊಂಡಳು.

"ಬೆರ್ನಾರ್ದೊ ಸಾಹೇಬರು ಹೇಳಿದ ಮಾತು ಎಲ್ಲರೂ ಕೇಳಿದಿರಿ," ಅಂದರು ರಬ್ಬಿ. "ಪತ್ರಿಕೆಯವರು ದಯವಿಟ್ಟು ಒಂದಕ್ಷರ ಬಿಡದೆ ಬರಕೊಳ್ಳಿ." ಬೆಳ್ಳಿ ತಟ್ಟೆ ತಗೊಂಡು ಕೂತುಬಿಟ್ಟರು.

ಮನೆಗೆ ನಡೆಯುವಾಗ ಪೆರ್ಲಾ ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ. "ಅವನು ಸುಳ್ಳು ಬೊಗಳಿದ, ನೀವು ಬರಕೊಳ್ಳಿ ಅಂದ್ರಿ! ನಿಮ್ಮ ಬೆನ್ನಲ್ಲಿ ಮೂಳೆ ಇದೆಯೋ, ಸೇಮಿಗೆ ಇದೆಯೋ?"

"ಅವನು ಎಲ್ಲರೆದುರು ಮಾತು ಕೊಟ್ಟ ಪೆರ್ಲಾ. ಇನ್ನು ಬಾಗಿಲು ಮುಚ್ಚೋಕೆ ಆಗಲ್ಲ ಅವನಿಗೆ."

"ಅಯ್ಯೋ ನನ್ನ ಕರ್ಮವೇ!"

ಜನವರಿ, ಆ ಕಡೆ ನಡುಬೇಸಿಗೆ. ಒಂದು ಮಧ್ಯಾಹ್ನ ಬೆರ್ನಾರ್ದೊನ ಮಿಲ್ಲಿನ ಹಿಂದಿನ ಕೂಲಿಗಳ ಸಾಲುಮನೆಗೆ ಬೆಂಕಿ ಬಿತ್ತು. ಒಣ ಹೊಟ್ಟು, ಬಿರುಬಿಸಿಲು, ಗಾಳಿ. ಸಾಯಂಕಾಲದ ಹೊತ್ತಿಗೆ ಇಪ್ಪತ್ತು ಮನೆಗಳ ಜಾಗದಲ್ಲಿ ಬೂದಿ. ಪ್ರಾಣ ಹೋಗಲಿಲ್ಲ, ಅಷ್ಟೇ ಪುಣ್ಯ. ಹಾಸಿಗೆ, ಕೋಳಿ, ಅಜ್ಜಿಯರನ್ನೆಲ್ಲ ಕಟ್ಟಿಕೊಂಡು ಕೂಲಿಗಳು ನೇರ ಸಿನಗಾಗಿನ ಗೇಟಿಗೇ ಬಂದರು. ಬೆರ್ನಾರ್ದೊ ಅಲ್ಲಿಗೆ ಓಡಿಬಂದ.

"ಮುನಿಸಿಪಾಲಿಟಿ ಶಾಲೆ ಇದೆಯಲ್ಲ, ಅಲ್ಲಿಗೆ ಹೋಗಿ. ಇಲ್ಲಿ ಹೊಸ ಜಮಖಾನ ಹಾಕಿದೆ."

ಗರಗಸ ಹಿಡಿಯುವ ರಮೋನಾ ಅನ್ನುವವಳು ಮಗುವನ್ನು ಸೊಂಟ ಬದಲಿಸಿ ಎತ್ತಿಕೊಂಡಳು. "ಪೇಪರಲ್ಲಿ ಓದಿದ್ವಿ ಧಣಿ. ಯಾರಿಗೂ ಬಾಗಿಲು ಮುಚ್ಚಲ್ಲ ಅಂತ ನೀವೇ ಹೇಳಿದ್ರಂತಲ್ಲ. ನಿಮ್ಮ ಫೋಟೋನೂ ಬಂದಿತ್ತು."

ಬೀದಿಯಲ್ಲಿ ಜನ ಸೇರಿದ್ದರು. ಬೆರ್ನಾರ್ದೊನ ಮುಖ ಬೀಟ್‌ರೂಟಿನ ಸಾರಿನ ಬಣ್ಣಕ್ಕೆ ತಿರುಗಿತು. ಹೊಸಬರು ಬರುವವರೆಗೆ ಕೆಲಸ ನೋಡಿಕೊಳ್ಳುತ್ತಿದ್ದ ರಬ್ಬಿ ಗೆದಾಲ್ಯ ಗೇಟಿನ ಒಳಗೆ ಕೈಕಟ್ಟಿ ನಿಂತಿದ್ದರು. ಕೊನೆಗೆ ಬೆರ್ನಾರ್ದೊನೇ ಬಂದು ಅಗುಳಿ ಸರಿಸಬೇಕಾಯಿತು.

ತೆರೆದದ್ದೇನೋ ತೆರೆದ. ಜಮಖಾನ ಸುತ್ತಿಸಿ ಸಾಗಿಸಿದ. ಅತಿಥಿಗಳ ಶೌಚಾಲಯಕ್ಕೆ ಬೀಗ ಹಾಕಿಸಿದ. ಮೂರನೆಯ ದಿನ ಫೋಟೋಗ್ರಾಫರನನ್ನು ಕರೆತಂದು, ಒಂದು ಮಗುವನ್ನು ಎತ್ತಿಕೊಂಡು ನಿಂತ. ಮಗು ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಾಗ ಪೆರ್ಲಾಳಿಗೆ ತಿಂಗಳಲ್ಲಿ ಮೊದಲ ಬಾರಿ ದೇವರಿದ್ದಾನೆ ಅನ್ನಿಸಿತು.

"ನಿಮ್ಮ ಉಪಾಯ ಗೆದ್ದಿತು ಅಂತ ಹಿಗ್ಗಬೇಡಿ," ಅಂದಳು ಆಲೂಗಡ್ಡೆ ಸುಲಿಯುತ್ತಿದ್ದ ಗಂಡನಿಗೆ. "ಅವನಿಗೆ ನಾಚಿಕೆ ಬಂದು ತೆಗೀಲಿಲ್ಲ. ಹೆದರಿ ತೆಗೆದ."

"ಒಳಗೆ ಮಲಗಿರೋ ಮಕ್ಕಳಿಗೆ ಅದರಿಂದ ನಿದ್ದೆ ಕಡಿಮೆ ಬರುತ್ತಾ?"

ಅವಳು ಸಾರಿಗೆ ಉಪ್ಪು ಜಾಸ್ತಿ ಹಾಕಿದಳು, ಆಮೇಲೆ ನೀರು ಸುರಿದಳು. ನಲವತ್ತೊಂದು ವರ್ಷ ಇಂಥವರ ನಡುವೆ ಈ ಮನುಷ್ಯ ಹೇಗೆ ಕೆಲಸ ತೆಗೆದರು ಅನ್ನುವುದು ಅವಳಿಗೆ ಸ್ವಲ್ಪ ಹೊಳೆದಿತ್ತು. ಬಾಯಿಬಿಟ್ಟು ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ.

ಹದಿಮೂರನೆಯ ದಿನ ಕೊನೆಯ ಕುಟುಂಬವೂ ಹೊರಟಿತು. ಬೆರ್ನಾರ್ದೊ ಮೂಗಿಗೆ ಕರವಸ್ತ್ರ ಹಿಡಿದು ಬಂದ.

"ಏನು ವಾಸನೆ ಇದು! ನಾಳೆ ಶುಕ್ರವಾರ, ಸಂಜೆ ಪ್ರಾರ್ಥನೆಗೆ ಹೊಸ ರಬ್ಬಿ ಬರ್ತಾರೆ. ಯಾರು ಗುಡಿಸ್ತಾರೆ ಇದನ್ನೆಲ್ಲ?"

ಪೆರ್ಲಾ ಮೂಲೆಯಲ್ಲಿದ್ದ ಪೊರಕೆ ತಂದು ಅವನ ಕೈಗಿಟ್ಟಳು, ಬಕೀಟನ್ನು ಕಾಲ ಬುಡಕ್ಕೆ ತಳ್ಳಿದಳು.

"ನಮಗೆ ನಿವೃತ್ತಿ ಆಯ್ತಲ್ಲಪ್ಪ. ನೀನೇ ಸನ್ಮಾನ ಮಾಡಿ ಕಳಿಸಿದ್ದೀಯ." ಆಮೇಲೆ ಗಂಡನ ಕಡೆ ತಿರುಗಿದಳು. "ನಡೀರಿ."

ಬಕೀಟಿನತ್ತ ಬಾಗುತ್ತಿದ್ದ ರಬ್ಬಿಯ ತೋಳನ್ನು ಅವಳು ಗಟ್ಟಿಯಾಗಿ ಹಿಡಿದಿದ್ದಳು. ಬೆರ್ನಾರ್ದೊ ಗುಡಿಸಿದನೋ, ಆಳಿಗೆ ಹೇಳಿದನೋ, ಅವಳು ತಿರುಗಿ ನೋಡಲಿಲ್ಲ.